ಪಾಕ ಬಂತಾ ಎಂದು ನನ್ನನ್ನೇ ಕೇಳುತ್ತಿದ್ದ ಅಪ್ಪನಿಗೆ

ಅಪ್ಪಾ,

ಇವತ್ತು ಮಂಡ್ಯದ ನಮ್ಮ ಕಾಲೇಜಿಗೆ ಶಶಿರೇಖಾ ಮೇಡಂ ಎಂಬ ಲೈಫ್ ಕೋಚ್ ಬಂದಿದ್ದರು. ಕಂಪ್ಯೂಟರ್ ಸೈನ್ಸ್ ಕ್ಲಾಸಿನಲ್ಲಿ ಕೂತರೆ ಎದೆ ಹೊಡೆದುಕೊಳ್ಳುತ್ತೆ ಎಂದೆ. ಅವರು ಬುದ್ಧಿ ಹೇಳಲಿಲ್ಲ. "ಯಾವ ಕೆಲಸ ಮಾಡುವಾಗ ನಿನಗೆ ಭಯ ಇರಲ್ಲ?" ಎಂದು ಕೇಳಿದರು.

ಕಿರುಗಾವಲಿನ ನಮ್ಮ ಆಲೆಮನೆ ನೆನಪಾಯಿತು. ಹಾಸ್ಟೆಲ್ ರಜೆಯಲ್ಲಿ ಬಂದಾಗ, ಕುದಿಯುವ ಬೆಲ್ಲದ ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಹದ ಹೇಳುತ್ತಿದ್ದವಳು ನಾನು. "ನನ್ ಮಗ್ಳು ಏಳ್ದ್ ಮ್ಯಾಲೇ ಕೊಪ್ಪರಿಗೆ ಇಳಿಸ್ರುಲಾ" ಎಂದು ನೀನು ಎಲ್ಲರನ್ನೂ ಗದರುತ್ತಿದ್ದೆ. ಅದನ್ನೇ ಮೇಡಂಗೆ ಹೇಳಿದೆ.

"ಫುಡ್ ಟೆಕ್ನಾಲಜಿ ಅಂತ ಕೋರ್ಸೇ ಇದೆ, ವಿಚಾರಿಸು" ಎಂದರು ಮೇಡಂ. ಎಷ್ಟೋ ತಿಂಗಳ ಮೇಲೆ ಉಸಿರು ಸಲೀಸಾಗಿ ಬಂತು.

ಹೋದ ವರ್ಷ, ಕಾಲೇಜು ಸೇರುವ ಮೊದಲು, ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನೀನೂ ಕೇಳಿದ್ದೆ. "ನಿಂಗೇನ್ ಓದಕ್ಕಿಷ್ಟ ಕಣವ್ವ? ಏಳು, ಅದ್ಕೇ ಸೇರಿಸ್ತೀನಿ." ಪಕ್ಕದಲ್ಲಿ ಫ್ರೆಂಡ್ಸ್ ಇದ್ದರು. ನಿನ್ನ ಅಂಗಿಯ ಮೇಲೆ ಬೆಲ್ಲದ ಕಲೆ ಇತ್ತು. "ನಿಂಗೆ ಗೊತ್ತಾಗಲ್ಲ, ಹೋಗಪ್ಪ" ಎಂದೆ. ನೀನು ತಲೆಯಾಡಿಸಿ ಬಸ್ಸು ಹತ್ತಿದೆ. ಆಮೇಲೆ ಫೋನಿನಲ್ಲೂ, "ಊಟ ಆಯ್ತಾ" ಅನ್ನುವುದು ಬಿಟ್ಟು ಬೇರೇನೂ ಕೇಳಲಿಲ್ಲ.

ಹೊರಡುವಾಗ ಮೇಡಂ, "ನಿಮ್ಮಪ್ಪ ಒಪ್ತಾರಾ?" ಎಂದರು.

"ಒಪ್ತಾರೆ ಮೇಡಂ" ಎಂದೆ. ನೀನು ತೀರಿಕೊಂಡು ಐದು ತಿಂಗಳಾಯಿತೆಂದು ಹೇಳಲು ಬಾಯಿ ಬರಲಿಲ್ಲ.