ತಾನೇ ಉಬ್ಬುವ ಜಾಕೆಟ್ಟು

ದೊಡ್ಡಕೆರೆ ಕೇರಿ, ಸೊರಬ ತಾಲ್ಲೂಕು
12 ಸೆಪ್ಟೆಂಬರ್ 2024, ಗುರುವಾರ

ಪ್ರೀತಿಯ ತಮ್ಮ ದೇವೂ,

ನಿನ್ನ ಮೊಣಕಾಲು ಹೇಗಿದೆ? ಬೋಟಿನ ಹಗ್ಗ ಸುತ್ತಿಕೊಂಡು ಊದಿದ್ದು ಇಳಿಯಿತೋ, ಇಲ್ಲ ಇನ್ನೂ ಕುಂಟುತ್ತಲೇ ಕೆಲಸಕ್ಕೆ ಹೋಗುತ್ತಿದ್ದೀಯೋ? ಮಾಲಾ ಕಳಿಸಿದ ಫೋಟೊದಲ್ಲಿ ನೀನು ಒಂದೇ ಕಾಲಿಗೆ ಭಾರ ಕೊಟ್ಟು ನಿಂತಿದ್ದು ನನ್ನ ಕಣ್ಣು ತಪ್ಪಲಿಲ್ಲ. ಮಲ್ಪೆಯಲ್ಲಿ ಡಾಕ್ಟರುಗಳಿಗೆ ಬರವಿಲ್ಲವಲ್ಲ, ಹೋಗಿ ತೋರಿಸು. ನಾನು ಚೆನ್ನಾಗಿದ್ದೇನೆ. ನಿನ್ನ ಭಾವನ ಆರೋಗ್ಯದ ವಿಷಯ ಮುಂದೆ ಬರುತ್ತದೆ, ಈ ಕಾಗದ ಇರುವುದೇ ಅದರ ಬಗ್ಗೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಸಮುದ್ರಕ್ಕೆ ಇಳಿದರೆ ಹತ್ತು ದಿನ ಸಿಗುವುದಿಲ್ಲ, ಸಿಕ್ಕ ಹೊತ್ತಿಗೆ ನಿನ್ನ ಭಾವ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಈ ಮನೆಯಲ್ಲಿ ಒಳಗೆ ಪಿಸುಗುಟ್ಟಿದ್ದು ಹೊರಗೆ ಕಟ್ಟೆಯ ಮೇಲೆ ಕೇಳುತ್ತದೆ. ಅವರು ಈಗ ಊಟ ಮಾಡಿ ಮಲಗಿದ್ದಾರೆ, ಮಧ್ಯಾಹ್ನ ಎರಡು ಗಂಟೆ. ಏಳುವುದರೊಳಗೆ ಬರೆದು ಮುಗಿಸಬೇಕು.

ಮೊದಲಿಂದ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ, ದೋಣಿ ಹತ್ತುವವರೆಲ್ಲ ಜೀವರಕ್ಷಕ ಜಾಕೆಟ್ಟು ಹಾಕಿಕೊಳ್ಳಲೇಬೇಕು ಎಂದು ನಮ್ಮ ಮೀನುಗಾರರ ಸಂಘದಲ್ಲಿ ತೀರ್ಮಾನವಾಯಿತು. ಒಳ್ಳೆಯದೇ. ಆದರೆ ಅದನ್ನು ಆರಿಸಿ ತರುವ ಕೆಲಸವನ್ನು ಅಧ್ಯಕ್ಷ ಸುಬ್ಬಪ್ಪನಿಗೆ ಬಿಟ್ಟರು. ಕೆರೆಯ ನೀರು ಮುಟ್ಟಿ ಇಪ್ಪತ್ತು ವರ್ಷವಾದ ಮನುಷ್ಯ ಅವನು, ಈಗ ಮೀನು ಕಾಣುವುದು ಸಾರಿನಲ್ಲಿ ಮಾತ್ರ. ಕಿತ್ತಳೆ ಬಣ್ಣದ, ಒಳಗೆ ದಪ್ಪ ಸ್ಪಂಜು ತುಂಬಿದ ಹನ್ನೆರಡು ಜಾಕೆಟ್ಟು ತಂದ. ಹಾಕಿಕೊಂಡರೆ ಎರಡು ಕೈಯೂ ಎದೆಯ ಮುಂದೆ ಸೇರುವುದಿಲ್ಲ. ಕೈ ಸೇರದೆ ಬಲೆ ಎಳೆಯುವುದು ಹೇಗೆ ಎಂದು ಕೇಳಿದವರಿಗೆ, ಅಭ್ಯಾಸ ಆಗ್ತೈತೆ ಎಂದ. ಹನ್ನೆರಡು ಗಂಡಸರನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದ. ಜಾಕೆಟ್ಟಿಲ್ಲದೆ ಮಧ್ಯದಲ್ಲಿ ನಿಂತವನು ಅವನೊಬ್ಬನೇ. ಮಾರನೇ ವಾರದಿಂದ ಅವು ದೋಣಿಯ ಮೂಲೆ ಸೇರಿದವು. ಒಂದು ಸುಬ್ಬಪ್ಪನ ಮನೆಯ ಜಗಲಿಯಲ್ಲೇ ಇದೆ, ಅವನ ಹೆಂಡತಿ ಅದರ ಮೇಲೆ ಕೂತು ಅಕ್ಕಿ ಆರಿಸುತ್ತಾಳೆ.

ನಿನ್ನ ಭಾವ ಸಂಘದ ಜಾಕೆಟ್ಟು ಬೇಡ, ಗಾಳಿ ತುಂಬಿ ಉಬ್ಬುವಂಥದ್ದು ನಾನೇ ಕೊಂಡು ತರುತ್ತೇನೆ ಎಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ನೀನು ಹಿಂದೆ ವಿವರಿಸಿದ್ದು ನೆನಪಿತ್ತು. ಕೊರಳಿಂದ ಎರಡು ಪಟ್ಟಿಯಂತೆ ಇಳಿದಿರುತ್ತದೆ, ಕೈಗೆ ಅಡ್ಡ ಬರುವುದಿಲ್ಲ, ನೀರಿಗೆ ಬಿದ್ದರೆ ದಾರ ಎಳೆಯಬೇಕು, ಒಳಗಿನ ಸಣ್ಣ ಸಿಲಿಂಡರಿನ ಗ್ಯಾಸು ಒಂದೇ ಉಸಿರಿಗೆ ತುಂಬಿಕೊಳ್ಳುತ್ತದೆ ಎಂದಿದ್ದೆ. ಆಗಸ್ಟ್ ಮೊದಲ ವಾರ ಇಬ್ಬರೂ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆವು. ಅಲ್ಲಿ ಮಾರ್ಕೆಟ್ಟಿನ ಎದುರು ಪಂಪ್‌ಸೆಟ್ಟು, ತಾಡಪಾಲು, ಬಲೆಯ ನೂಲು ಮಾರುವ ಚನ್ನೇಶ್ ಎಂಬುವರು ಹೇಳಿದರೆ ತರಿಸಿಕೊಡುತ್ತಾರೆ. ಸುಬ್ಬಪ್ಪನಂಥವರ ನಡುವೆ ಇವರೊಬ್ಬರು ತಿಳಿದು ಮಾತಾಡುವ ಮನುಷ್ಯ. ಮೊದಲೇ ಹೇಳಿ ತರಿಸಿದ್ದ ಎರಡು ಜಾಕೆಟ್ಟು ಮೇಜಿನ ಮೇಲೆ ಹರವಿದರು. ಒಂದು ದಾರ ಎಳೆದರೆ ಉಬ್ಬುವುದು. ಇನ್ನೊಂದು ತಾನಾಗಿಯೇ ಉಬ್ಬುವುದು. ಅದರೊಳಗೆ ಸಕ್ಕರೆ ಬಿಲ್ಲೆಯಂಥ ಒಂದು ಗುಳಿಗೆ, ನೀರು ತಾಗಿ ಅದು ಕರಗಿದರೆ ಸಿಲಿಂಡರು ತೆರೆದುಕೊಳ್ಳುತ್ತದೆ. ಒಂದು ಸಲ ಉಬ್ಬಿದರೆ ಗುಳಿಗೆ, ಸಿಲಿಂಡರು ಎರಡೂ ಹೊಸದು ಹಾಕಬೇಕು.

"ಬಲೆ ಎಳಿಯೋರಿಗೆ ದಾರದ್ದೇ ಸರಿ ಆಗ್ತತಿ ನೋಡ್ರೀ," ಎಂದರು ಚನ್ನೇಶ್. "ನೀವು ದಿನಾ ನೀರಾಗ ನೆನಿಯೋರು. ಇದು ಸುಮ್‌ಸುಮ್ನೆ ಉಬ್ಬಿ ಕುಂದರ್ತತಿ. ಬಿದ್ದ ಕೂಡ್ಲೇ ಪ್ರಜ್ಞೆ ತಪ್ಪೋರಿಗೆ, ಈಜು ಬರದೋರಿಗೆ ಇದು ಬೇಕು."

"ಪ್ರಜ್ಞೆ ಇಲ್ದೆ ಬಿದ್ರೂ ಮುಖ ಮೇಲೆ ಬತ್ತೈತಾ?" ಎಂದು ನಿನ್ನ ಭಾವ ಕೇಳಿದರು.

"ಬರ್ತತಿ. ಕುತ್ತಿಗಿ ಹಿಂದೆ ಎತ್ತಿ ಹಿಡಿತತಿ, ಮಕ ಆಕಾಶಕ್ಕ."

"ಇದೇ ಕೊಡ್ರಿ."

ನಾನು ಅಂಗಡಿಯಲ್ಲೇ ನಕ್ಕೆ. ಹತ್ತನೇ ವಯಸ್ಸಿಂದ ಕೆರೆ ಈಜಿದ ಗಂಡಸಿಗೆ ಈಜು ಬಾರದವರ ಜಾಕೆಟ್ಟು. ಚನ್ನೇಶ್ ಇನ್ನೊಂದು ಸಲ ಹೇಳಿ ನೋಡಿದರು, ನಾನು ನಿನ್ನ ಹೆಸರು ಹೇಳಿ ನೋಡಿದೆ. ಸಮುದ್ರದ ಮೇಲೆ ಇರುವವನೇ ದಾರದ್ದು ಹಾಕುತ್ತಾನೆ, ನಿಮ್ಮದೇನು ಹೆಚ್ಚು ಎಂದೆ. ನಿನ್ನ ಭಾವ ಮಾತೇ ಕಿವಿಗೆ ಬೀಳದವರಂತೆ ಅದನ್ನು ಹೆಗಲಿಗೆ ಹಾಕಿಕೊಂಡು, ಬಕಲ್ಲು ಬಿಗಿದು, ಮತ್ತೆ ಬಿಚ್ಚಿ, ಮತ್ತೆ ಬಿಗಿದು, ಮದುವೆಗೆ ಕೋಟು ಹೊಲಿಸುವವರ ಹಾಗೆ ನಿಂತರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಪಕ್ಕದಲ್ಲಿ ಒದ್ದೆ ಕೊಡೆಯವಳು ಬಂದು ಕೂತಾಗ ಎದ್ದು ನಿಂತು ಊರ ತನಕ ನಿಂತೇ ಬಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ, ಈ ಮನುಷ್ಯ ನನಗೆ ಸಂಬಂಧವಿಲ್ಲದವನು ಎಂಬಂತೆ.

ಆಮೇಲಿನ ಕಥೆ ಊರಿಗೇ ಗೊತ್ತು. ಮೂರನೇ ದಿನ ರಾಜು ಬಲೆ ಎತ್ತುವಾಗ ದಪ್ಪ ಕಾಟ್ಲಾ ಮೀನೊಂದು ಬಾಲ ಬೀಸಿ ನೀರು ಚಿಮ್ಮಿಸಿತು. ರಾಜು ನಿನಗೆ ಗೊತ್ತಲ್ಲ, ಬಸಕ್ಕನ ಮಗ, ಈಗ ಎಂಟು ವರ್ಷದಿಂದ ನಿನ್ನ ಭಾವನ ದೋಣಿಯ ಜೊತೆಗಾರ. ಠಪ್ಪೆಂದು ಜಾಕೆಟ್ಟು ಉಬ್ಬಿ ನಿನ್ನ ಭಾವ ಗಂಟಲು ಉಬ್ಬಿಸಿದ ಕಪ್ಪೆಯಾದರು. ಬೆಚ್ಚಿ ಬಲೆ ಬಿಟ್ಟರು, ಕಾಟ್ಲಾ ಕೆರೆಗೆ ಹೋಯಿತು. ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದವರೆಲ್ಲ ನಕ್ಕರು. ಎರಡನೇ ಸಲ ಅದನ್ನು ಬಚ್ಚಲುಮನೆಯ ಗೂಟಕ್ಕೆ ನೇತು ಹಾಕಿದ್ದರು. ನಾನು ನೀರು ಹೊಯ್ದುಕೊಳ್ಳುತ್ತಿದ್ದೆ, ಹಂಡೆಯ ಆವಿ ಹಿಡಿದು ನನ್ನ ಕಿವಿಯ ಪಕ್ಕದಲ್ಲೇ ಠಪ್ಪೆಂದಿತು. ಕೈಯಲ್ಲಿದ್ದ ಚೊಂಬನ್ನು ನನ್ನ ಕಾಲಿನ ಮೇಲೇ ಹಾಕಿಕೊಂಡೆ. ಮೂರನೇ ಸಲ ಶ್ರಾವಣದ ಜಡಿಮಳೆ, ಅದಕ್ಕೆ ಯಾರೂ ಏನೂ ಮಾಡಬೇಕಾಗಲಿಲ್ಲ. ಪ್ರತಿ ಸಲವೂ ಕೆಲಸ ಬಿಟ್ಟು ಶಿಕಾರಿಪುರಕ್ಕೆ ಹೋಗಿ ಗುಳಿಗೆ, ಸಿಲಿಂಡರು ತಂದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅರ್ಧ ದಿನ ಅದನ್ನು ಜೋಡಿಸುವುದು. ಗಣಿತದ ಮೇಷ್ಟ್ರು ಕೂಡ ಅಷ್ಟು ಗಂಭೀರವಾಗಿ ಕೂರುವುದಿಲ್ಲ. ಆಗಾಗ ನಾನು ಅಡುಗೆಮನೆಯಿಂದ, ಉಬ್ಬಿತೇನ್ರೀ ಎಂದು ಕೇಳುತ್ತಿದ್ದೆ.

ಜಡಿಮಳೆಯ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ದೋಣಿ ದಡಕ್ಕೆ ಬಂದಾಗ ರಾಜು, ಇನ್ನೂ ನಾಲ್ಕು ಜನ, ಮೀನು ತೂಗುವವನು, ಎಲ್ಲರೂ ಇದ್ದರು. ನಾನು ಕೇಳಿದೆ: "ಒಂದು ದಾರ ಎಳಿಯಾಕೂ ತ್ರಾಣ ಇಲ್ಲೇನ್ರೀ ನಿಮ್ ಕೈಯಾಗೆ?"

ಅವರು ಉಬ್ಬಿದ ಜಾಕೆಟ್ಟಿನೊಳಗಿಂದ ನನ್ನನ್ನೇ ನೋಡಿದರು. "ಎಳಿಯಾಕೆ ಆಗ್ದೇ ಹೋದ್ರೆ?" ಎಂದರು.

"ಆಗ್ದೇ ಹೋದ್ರೆ ಮನೇಲಿ ಕೂತು ಬಳೆ ತೊಟ್ಕಳಿ," ಎಂದೆ. ಎಲ್ಲರೂ ನಕ್ಕರು. ರಾಜು ನಗಲಿಲ್ಲ, ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟ. ಅವನಿಗೆ ಹಾಸ್ಯ ತಿಳಿಯುವುದಿಲ್ಲ ಅಂದುಕೊಂಡೆ.

ದೇವೂ, ಈ ತಿಂಗಳ ಎರಡನೇ ತಾರೀಖು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಿನ್ನ ಭಾವ ಕೆರೆಗೆ ಬಿದ್ದರು. ಕಾಲು ಜಾರಿ ಅಲ್ಲ. ಬಲೆ ಮಡಚುತ್ತ ನಿಂತವರು ನಿಂತಲ್ಲೇ ಮರದಂತೆ ಸೆಟೆದು, ಕಣ್ಣುಗುಡ್ಡೆ ಮೇಲಾಗಿ, ಒಂದು ಸದ್ದೂ ಮಾಡದೆ ಹಿಂದಕ್ಕೆ ಬಿದ್ದರಂತೆ. ಆ ಜಾಗದಲ್ಲಿ ನೀರು ಮೂರಾಳು. ರಾಜು ದೋಣಿಯ ಇನ್ನೊಂದು ತುದಿಯಲ್ಲಿದ್ದ. ಅವನು ತಿರುಗುವ ಹೊತ್ತಿಗೆ ಅಲ್ಲಿ ಬರೀ ಗುಳ್ಳೆ ಇತ್ತು, ಮರುಕ್ಷಣ ಠಪ್ಪೆಂಬ ಸದ್ದು ಕೇಳಿ ಉಬ್ಬಿದ ಜಾಕೆಟ್ಟಿನ ಹಳದಿ ಬಣ್ಣ ಮೇಲೆ ಬಂತು, ಅದರ ನಡುವೆ ನಿನ್ನ ಭಾವನ ಮುಖ. ಮೈಯೆಲ್ಲ ಅದುರುತ್ತಿತ್ತಂತೆ, ಬಾಯಲ್ಲಿ ನೊರೆ. ಆದರೆ ಮೂಗು ನೀರಿನ ಮೇಲಿತ್ತು. ಅದುರುವುದು ನಿಲ್ಲುವ ತನಕ ರಾಜು ನೀರಿಗಿಳಿದು ಅವರ ತಲೆ ಹಿಡಿದುಕೊಂಡು ತೇಲಿದ, ಆಮೇಲೆ ಕೂಗಿದ. ಇನ್ನೊಂದು ದೋಣಿ ಬಂದು ಇಬ್ಬರನ್ನೂ ಎಳೆದುಕೊಂಡಿತು.

ನಾನು ಏರಿಗೆ ಓಡಿದಾಗ ಅವರಿಗೆ ಅರ್ಧ ಎಚ್ಚರ ಬಂದಿತ್ತು. ನನ್ನನ್ನು ಗುರುತಿಸಲಿಲ್ಲ. ಯಾರಮ್ಮ ನೀವು ಎಂದು, ಹೊಸದಾಗಿ ಬಹುವಚನ ಕಲಿತ ಹುಡುಗನ ಹಾಗೆ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದರು. ಆಗ ರಾಜು ನನ್ನನ್ನು ಪಕ್ಕಕ್ಕೆ ಕರೆದ.

"ಇದು ಮೂರ್ನೇ ಸಲ ಅಕ್ಕ. ಯುಗಾದಿ ಆದ್ಮೇಲೆ ಎರಡು ಸಲ ದೋಣಿ ಒಳಗೇ ಬಿದ್ದಿದ್ರು. ನಿಂಗೆ ಹೇಳ್ದಂಗೆ ಕೆರೆ ಮೇಲೆ ಆಣೆ ಹಾಕ್ಸಿದ್ರು. ಅದಕ್ಕೇ ಆ ಜಾಕೆಟ್ಟು."

ಯುಗಾದಿ ಆದ ಸ್ವಲ್ಪ ದಿನಕ್ಕೇ ಅವರು ನಾಲಿಗೆ ಹರಿದುಕೊಂಡು ಮನೆಗೆ ಬಂದಿದ್ದರು. ಎಲೆ ಅಡಿಕೆ ಜಗಿಯುವಾಗ ಕಚ್ಚಿಕೊಂಡೆ ಎಂದರು. ನಾನು ಉಪ್ಪುನೀರು ಕೊಟ್ಟು, ತಿನ್ನುವುದರಲ್ಲೂ ನಿಮಗೆ ಆತುರ ಎಂದು ಬೈದಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ನಾನು ಕಂಡಿದ್ದು ಅಷ್ಟು. ಅಂಗಡಿಯ ಚನ್ನೇಶ್ ಪ್ರಜ್ಞೆ ತಪ್ಪುವ ಆ ಒಂದು ಪ್ರಶ್ನೆಯಿಂದಲೇ ಅರ್ಥ ಮಾಡಿಕೊಂಡಿರಬೇಕು, ಅದಕ್ಕೇ ಹೆಚ್ಚು ಒತ್ತಾಯ ಮಾಡಲಿಲ್ಲ. ಸುಬ್ಬಪ್ಪನನ್ನು ಬೈಯುವಷ್ಟೇ ಸಲೀಸಾಗಿ ನನ್ನನ್ನೂ ಬೈದುಕೊಳ್ಳುತ್ತಿದ್ದೇನೆ, ನೀನು ಸಮಾಧಾನ ಹೇಳಲು ಬರಬೇಡ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ತಲೆಯ ಚಿತ್ರ ತೆಗೆದರು, ಗಡ್ಡೆಗಿಡ್ಡೆ ಏನೂ ಇಲ್ಲ, ಮೂರ್ಛೆ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದರು. ಎರಡು ಹೊತ್ತೂ ತಪ್ಪಿಸಬಾರದು, ನಿದ್ದೆ ಕೆಡಬಾರದು, ಒಂದು ವರ್ಷವಾದರೂ ದೋಣಿ ಹತ್ತಬಾರದು, ಒಬ್ಬರೇ ಬಾವಿಯ ಹತ್ತಿರವೂ ಹೋಗಬಾರದು. ಡಾಕ್ಟರಮ್ಮ ಹೇಳುವಾಗ ತಲೆ ಆಡಿಸಿದ ನಿನ್ನ ಭಾವ ಬಸ್ಸು ಹತ್ತುತ್ತಲೇ, ಜಾಕೆಟ್ಟು ಐತಲ್ಲ, ಇನ್ನೇನು ಎಂದರು. ನನಗೆ ಅವರ ಮೇಲಿದ್ದ ಕನಿಕರವೆಲ್ಲ ಅಲ್ಲಿಗೇ ಹಾರಿಹೋಯಿತು. ಹೆಂಡತಿಗೆ ಹೇಳಲು ಧೈರ್ಯವಿಲ್ಲದೆ, ಡಾಕ್ಟರಿಗೆ ತೋರಿಸಲು ಧೈರ್ಯವಿಲ್ಲದೆ, ಐದು ತಿಂಗಳು ಮುಚ್ಚಿಟ್ಟು, ಕೊನೆಗೆ ಒಂದು ಸಕ್ಕರೆ ಬಿಲ್ಲೆಯ ಮೇಲೆ ಜೀವ ಇಟ್ಟು ನೀರಿನ ಮೇಲೆ ತಿರುಗಿದ ಮನುಷ್ಯ. ಗುಳಿಗೆ ಹಳತಾಗಿದ್ದರೆ? ಸಿಲಿಂಡರು ಸರಿಯಾಗಿ ಕೂತಿರದಿದ್ದರೆ? ಯಾಕೆ ಹೇಳಲಿಲ್ಲ ಎಂದು ಬಸ್ಸಿನಲ್ಲೇ ಜನ ಕೇಳುವಂತೆ ಕೇಳಿದೆ. "ನೀನು ನಗ್ತೀಯ ಅಂತ," ಎಂದರು.

ಇನ್ನು ಸುಬ್ಬಪ್ಪ. ನಮ್ಮ ಕೆರೆಗೆ ಇರುವುದು ಆರೇ ದೋಣಿ, ಒಂದಕ್ಕೆ ಇಬ್ಬರು, ಒಂದು ತಿಂಗಳು ಖಾಲಿ ಬಿಟ್ಟ ಜಾಗ ಬೇರೆಯವರಿಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ, ಅಪ್ಪನ ಜಾಗ ಹೋದಾಗ ನೀನು ಮಲ್ಪೆಯ ಬಸ್ಸು ಹತ್ತಿದ್ದು ನಾನು ಮರೆತಿಲ್ಲ. ಮೊನ್ನೆ ಸುಬ್ಬಪ್ಪ ಬಾಳೆಹಣ್ಣು ಹಿಡಿದು ನೋಡಲು ಬಂದ. ನಾಲ್ಕು ಹಣ್ಣು, ಅದರಲ್ಲಿ ಎರಡು ಕಪ್ಪಗಾಗಿದ್ದವು. ನಿನ್ನ ಭಾವನ ಕೈ ಹಿಡಿದು, "ಆರಾಮ್ ಮಾಡು ಕೆಂಪಪ್ಪ, ನಿನ್ ಜಾಗ ಎಲ್ಲೂ ಹೋಗಲ್ಲ, ನಮ್ ಸಂಗಮೇಶ ನೋಡ್ಕಂತಾನೆ," ಎಂದ. ಸಂಗಮೇಶ ಅವನ ಹೆಂಡತಿಯ ತಮ್ಮ, ಸೊರಬದಲ್ಲಿ ಮೊಬೈಲಿಗೆ ಗಾಜು ಅಂಟಿಸುವವನು, ರೋಹುವಿಗೂ ಜಿಲೇಬಿ ಮೀನಿಗೂ ವ್ಯತ್ಯಾಸ ತಿಳಿಯದವನು. ನಿನ್ನ ಭಾವ ಗೋಡೆಯ ಕಡೆ ಹೊರಳಿದರು. ನಾನು ಕೇಳಿದೆ, ಮನೆಯವರು ಯಾರಾದರೂ ಹೋದರೆ ಜಾಗ ಉಳಿಯುತ್ತದಲ್ಲ ಎಂದು.

"ನಿಮ್ಮನೇಲಿ ಯಾರಿದಾರೆ ತಂಗಿ? ಮಗಳು ಓದ್ತಾ ಐತೆ. ಗಂಡಸ್ರು ಯಾರಿದಾರೆ?" ಎಂದು ನಕ್ಕು ಚಹಾ ಕುಡಿದು ಹೋದ. ಆ ಕಪ್ಪಗಾದ ಎರಡು ಹಣ್ಣನ್ನು ಎಮ್ಮೆಗೆ ಹಾಕಿದೆ.

ನಿನ್ನ ಭಾವ ಈಗ ಊಟ ಮಾಡುತ್ತಾರೆ, ಮಾತ್ರೆಯನ್ನು ನನ್ನ ಎದುರಿಗೇ ನುಂಗುತ್ತಾರೆ, ನಾಲಿಗೆ ಚಾಚಿಸಿ ನೋಡುತ್ತೇನೆ. ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಾರೆ. ಅದರಲ್ಲಿ ಅವರನ್ನು ಮೀರಿಸುವವರು ಈ ಕೇರಿಯಲ್ಲಿ ಇಲ್ಲ, ಅದನ್ನು ನಾನು ಅವರಿಗೆ ಯಾವತ್ತೂ ಹೇಳಿಲ್ಲ, ನೀನೂ ಹೇಳಬೇಡ. ಮುಂದಿನ ಸಲ ಫೋನು ಮಾಡಿದಾಗ ಕಾಯಿಲೆಯ ಮಾತು ಎತ್ತದೆ ನಿಮ್ಮ ಸಮುದ್ರದ ಮಾತು ಆಡು, ಅವರಿಗೆ ಅದು ಇಷ್ಟ.

ಮಾಲಾಗೆ ನನ್ನ ಪ್ರೀತಿ ತಿಳಿಸು, ಮಗುವಿನ ತಲೆ ನೇವರಿಸು. ನಿನಗೆ ಅಕ್ಕನ ಆಶೀರ್ವಾದ, ಮೊಣಕಾಲು ತೋರಿಸಿದ ಮೇಲೆ ಪೂರ್ತಿ ಸಲ್ಲುತ್ತದೆ.

ನಿನ್ನ ಅಕ್ಕ,
ನಾಗವೇಣಿ

ಮುಖ್ಯವಾದದ್ದೇ ಬರೆಯಲಿಲ್ಲ, ಅವರು ಏಳುವ ಸದ್ದಾಗುತ್ತಿದೆ. ಸಂಘದ ನಿಯಮದ ಪುಸ್ತಕವನ್ನು ರಾಜುವಿನಿಂದ ತರಿಸಿ ಮೂರು ಸಲ ಓದಿದೆ. ಸದಸ್ಯರ ಬದಲು ಮನೆಯವರಲ್ಲಿ ಒಬ್ಬರು ಎಂದಿದೆ, ಗಂಡಸು ಎಂದು ಎಲ್ಲೂ ಇಲ್ಲ. 23ನೇ ತಾರೀಖು ಸೋಮವಾರದಿಂದ ನಾನು ದೋಣಿ ಹತ್ತುತ್ತೇನೆ. ರಾಜು ಒಪ್ಪಿದ್ದಾನೆ. ಸುಬ್ಬಪ್ಪನಿಗೆ ತಿಳಿಯುವ ಹೊತ್ತಿಗೆ ನಾವು ಕೆರೆಯ ನಡುವೆ ಇರುತ್ತೇವೆ. ಅಪ್ಪ ನಮ್ಮಿಬ್ಬರನ್ನೂ ಒಟ್ಟಿಗೆ ನೀರಿಗೆ ಎಸೆದು ಈಜು ಕಲಿಸಿದ್ದು, ಮೊದಲು ದಡ ಸೇರಿದ್ದು ಯಾರು ಎಂದು ನಿನಗೆ ನೆನಪಿದ್ದರೆ ಸಾಕು. ನನಗೊಂದು ಜಾಕೆಟ್ಟು ಆರಿಸಿ ಬಸ್ಸಿಗೆ ಹಾಕಿ ಕಳಿಸು, ದಾರ ಎಳೆಯುವಂಥದ್ದು, ಸಣ್ಣ ಅಳತೆ, ಸೀರೆಯ ಮೇಲೆ ಅಂಗಿ ಹಾಕಿದರೂ ಬಕಲ್ಲು ಕೂರಬೇಕು. ಸಿಲಿಂಡರಿನ ತಾರೀಖು ನೋಡಿ ತಗೋ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಈಗ ಹೇಳಿದರೆ ತಮ್ಮದನ್ನೇ ತಂದು ನನಗೆ ತೊಡಿಸಲು ನಿಲ್ಲುತ್ತಾರೆ, ಅದು ನನಗೆ ದೊಗಳೆ.