ಕೊನೆಯ ಗೇಣು ಹುರಿ

ಮಾರ್ಚ್ ಹನ್ನೊಂದು
ಸಂಜೆ

ನನ್ನ ಗುಬ್ಬಿ,

ಹೇಗಿದ್ದೀಯೆ? ಆಸ್ಪತ್ರೆಯಲ್ಲಿ ನಿನ್ನ ಪಾಳಿ ಬದಲಾಯಿಸಿದರೋ, ಇನ್ನೂ ಸತಾಯಿಸುತ್ತಿದ್ದಾರೋ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತೆ. ಬೇಜಾರು ಮಾಡಿಕೊಂಡಿರುತ್ತೀಯ, ಮಾಡಿಕೋ. ಉಕ್ಕಿನ ತಂತಿಯ ಎಳೆ ಹೊಕ್ಕು ಬೆರಳು ಬಾತುಕೊಂಡಿತ್ತು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಈಗ ಬಾವು ಇಳಿದಿದೆ. ಬಿಡುವೂ ಬೇಕಾದಷ್ಟಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೇಲಿನ ಮನೆಯ ದರ್ಜಿಯ ಬೆಕ್ಕು ನಮ್ಮ ಒಗೆಯುವ ಬಟ್ಟೆಯ ಬುಟ್ಟಿಯಲ್ಲೇ ಮರಿ ಹಾಕಿದೆ. "ಬಾಡಿಗೆ ಕೇಳಬೇಡಿ ಅಕ್ಕ, ಅವಳ ಗಂಡ ಊರಲ್ಲಿಲ್ಲ" ಅಂತಾನೆ ದರ್ಜಿ. ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕೆ.

ಇನ್ನು ನಿಜವಾದ ಸುದ್ದಿ. ಆ ದೋಣಿ ನಮ್ಮ ಶೆಡ್ಡಿಗೆ ರಿಪೇರಿಗೆ ವಾಪಸ್ಸು ಬಂದಿತ್ತು. ನಿಮ್ಮಪ್ಪನನ್ನು ನೀರಿಗೆ ಬಿಟ್ಟುಬಂದ ದೋಣಿ. ನೀಲಿ ಇದ್ದದ್ದಕ್ಕೆ ಹಳದಿ ಬಳಿದು, ಹೆಸರು ಕೆರೆದು ಹೊಸ ಹೆಸರು ಬರೆಸಿದ್ದ ನಮ್ಮ ಸಾಹುಕಾರ. ಬಣ್ಣ ಬದಲಾಯಿಸಿದರೆ ಸತ್ತವನ ಹೆಂಡತಿಗೆ ಗುರುತು ಸಿಗುವುದಿಲ್ಲ ಅಂದುಕೊಂಡನೇನೋ. ಎಡಗಡೆಯ ಡೆಕ್ಕಿನಲ್ಲಿ ನಿಮ್ಮಪ್ಪ ಸುತ್ತಿಗೆ ಬೀಳಿಸಿ ಮಾಡಿದ ತಗ್ಗು ಹಾಗೇ ಇದೆ, ಬಣ್ಣದ ಕೆಳಗೆ. ಬೆರಳಿಟ್ಟು ನೋಡಿದೆ.

ಅದನ್ನು ಈಗ ಮಕ್ಕಳಿಗೆ ಹಾಯಿ ಕಲಿಸುವ ದೋಣಿ ಮಾಡುತ್ತಾನಂತೆ. ಸುತ್ತಲೂ ಹೊಸ ತಡೆತಂತಿ, ಬಲೆ ಹಾಕುವ ಕೆಲಸ ನನಗೂ ಬಲೆಯಕ್ಕನಿಗೂ ಬಂತು. ಹಳೇ ತಂತಿಗೆ ಬಿಳೀ ಪ್ಲಾಸ್ಟಿಕ್ಕಿನ ಕವಚ ಇತ್ತಲ್ಲ, ಅದನ್ನು ಸೀಳಿದರೆ ಒಳಗಿಂದ ತುಕ್ಕು ಪುಡಿಪುಡಿಯಾಗಿ ಉದುರಿತು. ಹೊರಗೆ ಥಳುಕು, ಒಳಗೆ ಹುಳುಕು. ಇಟ್ಟುಕೊಂಡವನ ಗುಣವೇ ಅದಕ್ಕೂ ಬಂದಿತ್ತು. ಕವಚವಿಲ್ಲದ ತಂತಿ ತರಿಸಿದೆ. ತಂತಿ ಹಿಡಿದು ನಿಲ್ಲುವ ಕಂಬಿಗಳ ಬುಡಕ್ಕೆ ಡೆಕ್ಕಿನ ಕೆಳಗಿನಿಂದ ದಪ್ಪ ತಗಡು ಕೊಟ್ಟು ಬಿಗಿಸಿದೆ. ಬಲೆಯಕ್ಕ ಮೇಲಿನ ತಂತಿಯಿಂದ ಡೆಕ್ಕಿನ ಅಂಚಿನವರೆಗೆ ಕಣ್ಣಿಗೆ ಕಣ್ಣು ಕೂಡಿಸಿ ಬಲೆ ಹೊಲಿದಳು. "ಇಷ್ಟು ವರ್ಷ ಮೀನು ನೀರಿಗೆ ಹೋಗದ ಹಾಗೆ ಹೆಣೆದೆ, ಈಗ ಮಕ್ಕಳು ಹೋಗದ ಹಾಗೆ ಹೆಣೀತೀನಿ. ಎರಡೂ ಒದ್ದಾಡೋ ಜಾತೀನೇ ಬಿಡು" ಅಂದಳು.

ತೊಡಕು ಬಂದದ್ದು ಕೊನೆಯ ಗೇಣಿನಲ್ಲಿ. ನಿನಗೆ ನೆನಪಿರಬೇಕು. ನಮ್ಮ ಶೆಡ್ಡಿನ ಪದ್ಧತಿ, ತಂತಿ ಪೂರಾ ಉಕ್ಕು, ಆದರೆ ದೋಣಿಯ ಹಿಂಬದಿಯಲ್ಲಿ ಕೊನೆಯ ಗೇಣು ಮಾತ್ರ ಹುರಿ. ಸುತ್ತಿ ಸುತ್ತಿ ಬಿಗಿದು ಪಕ್ಕದಲ್ಲೇ ಚಾಕು ತೂಗುಹಾಕುವುದು. ಆ ಬಿಳೀ ಹುರಿಯನ್ನೇ ನೀನು ಜಡೆಗೆ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ಯಾರಾದರೂ ನೀರಿಗೆ ಬಿದ್ದರೆ ಆ ಹುರಿ ಕೊಯ್ಯಬೇಕು. ತಂತಿ, ಬಲೆ ಎಲ್ಲ ಒಮ್ಮೆಲೇ ಸಡಿಲಾಗಿ ಡೆಕ್ಕಿನ ಮೇಲೆ ಬೀಳುತ್ತದೆ, ಬಿದ್ದವರನ್ನು ಮೂಟೆಯ ಹಾಗೆ ಅಂಚಿನ ಮೇಲೆ ಉರುಳಿಸಿ ಒಳಗೆ ಎಳೆದುಕೊಳ್ಳಬಹುದು. ಹುರಿ ಇಲ್ಲದಿದ್ದರೆ ನೆನೆದು ಭಾರವಾದ ಮೈಯನ್ನು ಸೊಂಟದೆತ್ತರದ ತಂತಿಯ ಮೇಲೆ ಎತ್ತಬೇಕು. ಆಗುವ ಮಾತಲ್ಲ. ಒಳಗಿನವರನ್ನು ಕಾಯುವ ತಂತಿಯೇ ಹೊರಗೆ ಬಿದ್ದವರಿಗೆ ಗೋಡೆ.

ಸಾಹುಕಾರ ಬಂದು ಹುರಿಯನ್ನು ನೋಡಿ ಮುಖ ಸಿಂಡರಿಸಿದ. "ಇದೇನಿದು, ಹರಕು ಚಪ್ಪಲಿಗೆ ದಾರ ಕಟ್ಟಿದ ಹಾಗೆ? ಭಾನುವಾರ ಫೋಟೋ ತೆಗೆಸಬೇಕು. ಹಿಂದಿನ ಸಲದ ಹಾಗೆ ಸ್ಟೀಲ್ ತಿರುಪು ಹಾಕು."

ಹಿಂದಿನ ಸಲದ ಹಾಗೆ. ನನ್ನ ಮುಖ ನೋಡಿಕೊಂಡೇ ಅಂದ, ಗುಬ್ಬಿ.

"ಹಿಂದಿನ ಸಲ ಏನಾಯಿತು ಅಂತ ಮರೆತಿರಾ?" ಅಂದೆ.

"ಯಾಕೆ ಮರೀತೀನಿ? ನಿನ್ನ ಗಂಡ ದೋಣಿಗೆ ಬಿಗಿಯೋ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡಿರಲಿಲ್ಲ. ತನಿಖೆಯವರೇ ಹೇಳಿದ್ದಾರೆ."

ಹೇಳದೆ ಏನು. ಅವನದೇ ಆಫೀಸಿನಲ್ಲಿ ಕೂತು, ಅವನದೇ ಕಾಫಿ ಕುಡಿದು ಹೇಳಿದರು. ಮೂರು ಜನ ಹೋಗುವ ದೋಣಿಗೆ ಎರಡೇ ಪಟ್ಟಿ ಕೊಟ್ಟವನು ಯಾರು ಅಂತ ಒಬ್ಬನೂ ಕೇಳಲಿಲ್ಲ. ಸತ್ತವನ ತಲೆಗೆ ಕಟ್ಟುವುದು ಸುಲಭ, ಅವನು ಎದ್ದು ಬಂದು ಜಗಳಕ್ಕೆ ನಿಲ್ಲುವುದಿಲ್ಲ. ಉಳ್ಳವರು ತಪ್ಪನ್ನು ಯಾವಾಗಲೂ ಇಳಿಜಾರಿಗೇ ಹರಿಸುತ್ತಾರೆ, ಅದು ಬಂದು ನಿಲ್ಲುವುದು ನಮ್ಮ ಹೊಸ್ತಿಲಲ್ಲಿ.

ನಾನು ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತೆ. "ತಿರುಪು ಹಾಕೋದಾದರೆ ನೀವೇ ಹಾಕಿಕೊಳ್ಳಿ."

ಬಲೆಯಕ್ಕ ಸೂಜಿ ಚುಚ್ಚಿಟ್ಟು ನನ್ನ ಪಕ್ಕ ಬಂದು ಕೂತಳು. ವೆಲ್ಡರ್ ಮಾಮ ಯಂತ್ರ ಆರಿಸಿ ಬಂದ. "ನನಗೂ ಸೊಂಟ ನೋವು. ಕೂತ್ಕೊಳ್ಳೋಕೆ ಒಂದು ನೆಪ ಬೇಕಿತ್ತು." ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಲ್ಲಿ ಉಳಿ ಸುತ್ತಿಗೆಯ ಸದ್ದೇ ಇರಲಿಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ. ಸುಮ್ಮನೆ ಕೂತೆವು.

ಸಾಹುಕಾರ ಅತ್ತ ಹೋದ, ಇತ್ತ ಬಂದ, ಬೈದ. ಭಾನುವಾರ ಹತ್ತಿರ ಬರುತ್ತಿತ್ತು. ಕೊನೆಗೆ, "ಕಟ್ಕೊಂಡು ಸಾಯಿ" ಅಂದ.

"ಸಾಯೋಕಲ್ಲ ಸ್ವಾಮಿ ಅದನ್ನ ಕಟ್ಟೋದು" ಅಂದಳು ಬಲೆಯಕ್ಕ.

ಹುರಿ ಕಟ್ಟಿದೆ. ಚಾಕು ತೂಗುಹಾಕಿದೆ. ಕೈ ತೊಳೆದು ಬರುವಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ, ನಾಳೆಯಿಂದ ಬರಬೇಡ ಅಂತ ಹೇಳಲು. ಪಾಪ, ನನ್ನ ಕಣ್ಣು ನೋಡಲಾರದೆ ಚಪ್ಪಲಿ ನೋಡಿಕೊಂಡು ಹೇಳಿದ.

ಮಾರನೇ ದಿನ ಮಿಕ್ಕವರೆಲ್ಲ ಕೆಲಸಕ್ಕೆ ಹೋದರು. ನನಗಾಗಿ ಮತ್ತೆ ಕೂರುತ್ತಾರೆ ಅಂದುಕೊಂಡಿದ್ದೆ. ಕೂರಲಿಲ್ಲ. ಅವರಿಗೂ ಒಲೆ ಉರಿಯಬೇಕು. ಆದರೂ ಕೋಪ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಲೆಯಕ್ಕ ಅಳುತ್ತಾ ಬಂದಾಗ ಮುಖ ತಿರುಗಿಸಿ ಕೂತೆ. ಅವಳು ಅದನ್ನು ಲೆಕ್ಕಕ್ಕೇ ತಗೊಳ್ಳದೆ ಬೆಕ್ಕಿನ ಮರಿಗಳಿಗೆ ಹಾಲಿಟ್ಟು ಹೋದಳು.

ಈಗ ಭಾನುವಾರ ಬಂತೆಂದರೆ ಕಟ್ಟೆಯ ಮೇಲೆ ಹೋಗಿ ನಿಲ್ಲುತ್ತೇನೆ. ಆ ದೋಣಿ ಮಕ್ಕಳನ್ನು ತುಂಬಿಕೊಂಡು ಹೊರಡುತ್ತದೆ, ಅವು ಕಾಗೆಗಳ ಹಾಗೆ ಕಿರುಚಾಡುತ್ತವೆ. ನಾನು ಮಕ್ಕಳನ್ನು ನೋಡುವುದಿಲ್ಲ. ಹಿಂಬದಿಯ ಮೂಲೆ ನೋಡುತ್ತೇನೆ, ಬಿಳೀ ಹುರಿ ಇದೆಯೋ ಇಲ್ಲವೋ ಅಂತ. ಇವತ್ತಿನವರೆಗೆ ಇದೆ. ಫೋಟೋ ಮುಗಿದಿದೆ, ಯಾವ ದಿನ ಬಿಚ್ಚಿಸುತ್ತಾನೋ. ಬಿಚ್ಚಿಸಿದ ದಿನ ದೋಣಿಯ ಮುಂದೆ ಅಡ್ಡ ನಿಲ್ಲುವವಳೇ ನಾನು, ಪೊಲೀಸರು ಬರಲಿ.

ನನ್ನ ಚಿಂತೆ ಮಾಡಬೇಡ. ಹೊದಿಕೆ ಹೊಲಿಯುವ ಕೆಲಸ ಕೊಡಿಸುತ್ತೇನೆ ಅಂದಿದ್ದಾನೆ ದರ್ಜಿ. ಹೊತ್ತಿಗೆ ಉಣ್ಣು. ಯಾರ ಮುಂದೆಯೂ ಕುಗ್ಗಬೇಡ. ನಿನ್ನ ಬೆನ್ನು ನೆಟ್ಟಗಿರಲಿ, ನಿದ್ದೆ ನೆಮ್ಮದಿಯಾಗಿ ಬರಲಿ.

ನಿನ್ನ
ಅಮ್ಮ

ಮರೆಯುವ ಮುನ್ನ: ಬೆರಳಿನ ಬಾವು ನೆಪ. ನಿನ್ನ ಮೊದಲ ಕಾಗದದಲ್ಲಿ ಕೇಳಿದ್ದೆಯಲ್ಲ, "ನೀನು ಅಲ್ಲೇ ಇದ್ದೆಯಲ್ಲಮ್ಮ, ಅಪ್ಪನ ಕೈ ಹಿಡಿದುಕೊಂಡಿದ್ದವಳು ಯಾಕೆ ಬಿಟ್ಟೆ" ಅಂತ. ಅದಕ್ಕೇ ಬರೆಯಲಾಗಲಿಲ್ಲ.

ಹಿಡಿದಿದ್ದೆ. ಬಲೆ ಹರಿದು, ತಂತಿಗಳ ನಡುವೆ ತೋಳು ತೂರಿಸಿ ಹಿಡಿದಿದ್ದೆ. ಅವನ ಪಾಲಿನ ಪಟ್ಟಿ ಹೊರಡುವಾಗಲೇ ನನ್ನ ಸೊಂಟಕ್ಕೆ ಕಟ್ಟಿದ್ದ. ನಮ್ಮ ಜೊತೆಗಿದ್ದ ಇನ್ನೊಬ್ಬ ಚುಕ್ಕಾಣಿ ಬಿಟ್ಟು ನೆರವಿಗೆ ಬಂದಿದ್ದರೆ ದೋಣಿ ನಿಮ್ಮಪ್ಪನ ಮೇಲೇ ಹಾಯುತ್ತಿತ್ತು. ನಿಮ್ಮಪ್ಪ ನನ್ನನ್ನೇ ನೋಡುತ್ತಾ, "ಕೈ ಬಿಡೇ, ಹೋಗಿ ಹುರಿ ಕೊಯ್ಯೇ" ಅಂದ. ಸಾಹುಕಾರ ಆಳು ಕರೆಸಿ ಹುರಿಯ ಜಾಗಕ್ಕೆ ತಿರುಪು ಹಾಕಿಸಿದ್ದು ಅದರ ಹಿಂದಿನ ವಾರವಷ್ಟೇ. ಅದು ನಿಮ್ಮಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಒಂದು ಆಯುಷ್ಯ ಪೂರ್ತಿ ಅದೇ ಗಂಟು ಕಟ್ಟಿದವರು ನಾವು. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ಅವನು ಹೇಳಿದ, ನಾನು ಓಡಿದೆ.

ಚಾಕು ಅದರ ಜಾಗದಲ್ಲೇ ತೂಗುತ್ತಿತ್ತು, ಗುಬ್ಬಿ. ಕೊಯ್ಯಲು ಹುರಿ ಇರಲಿಲ್ಲ.