ತುರಿಕೆಗೆ ಒಂಬತ್ತು ರೂಪಾಯಿ

ಕೊಡಿಯಾಲ್‌ಬೈಲ್, ಮಂಗಳೂರು
9 ಫೆಬ್ರವರಿ 1967

ಪ್ರೀತಿಯ ಕಜೆಟನ್,

ನಿನ್ನ ಮೂರು ಕಾಗದಗಳಿಗೆ ಸೇರಿ ಇದೊಂದು ಉತ್ತರ. ಪತ್ರಿಕೆಗೆ ವಾರವಾರವೂ ತಮಾಷೆ ಬರೆಯುವವನಿಗೆ ಗೆಳೆಯನಿಗೆ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲವೆಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಬೊಂಬಾಯಿಯಲ್ಲಿ ಎಲ್ಲರೂ ಸೌಖ್ಯವಷ್ಟೆ?

ನಿನ್ನ ಮದುವೆಯ ಕೋಟು ಹೊಲಿದ ಝೇವಿಯರನ ಮೂತ್ರಪಿಂಡ ಕೆಟ್ಟದ್ದು ನಿನಗೆ ಗೊತ್ತಲ್ಲ. ನಮ್ಮ ಇಗರ್ಜಿಯ ಸಹಾಯ ಸಮಿತಿ ಆರುನೂರು ರೂಪಾಯಿ ಎತ್ತಿ ಅವನನ್ನು ಮದರಾಸಿನ ಕಡೆಗೆ ಕಳಿಸಿತು. ಅಲ್ಲಿ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಜೀವ ಉಳಿಯಿತು, ನಾವೆಲ್ಲ ಎದೆ ಉಬ್ಬಿಸಿದೆವು. ಆದರೆ ಆ ಕಾಯಿಲೆ ತಂದ ಮೈಯ ತುರಿಕೆಯೂ ಉಳಿಯಿತು. ಕಜ್ಜಿಯಲ್ಲ, ಗುಳ್ಳೆಯಿಲ್ಲ, ಚರ್ಮದ ಒಳಗೆ ಇರುವೆ ಹರಿದ ಹಾಗೆ ಅಂತೆ. ಸೂಜಿ ಹಿಡಿದ ಕೈ ಬೆನ್ನಿಗೇ ಹೋಗುತ್ತದೆ.

ಭಾನುವಾರ ಪೂಜೆ ಮುಗಿದ ಮೇಲೆ ಸಮಿತಿಯಲ್ಲಿ ಅರ್ಜಿಗಳನ್ನು ಗಟ್ಟಿಯಾಗಿ ಓದುವುದು ಕಾರ್ಯದರ್ಶಿಯಾದ ನನ್ನ ಕೆಲಸ. ಒಂದೊಂದಕ್ಕೂ ಒಂದು ನಗೆ ಸೇರಿಸುವುದು ನನ್ನ ಅಭ್ಯಾಸ. ನಕ್ಕವರ ಕಿಸೆ ಬೇಗ ಸಡಿಲವಾಗುತ್ತದೆ. ಝೇವಿಯರನ ಹೆಂಡತಿ ಮಗ್ದಲೀನ್ ಟೀಚರ್ ತುರಿಕೆಯ ಮಾತ್ರೆಗೂ ಹಚ್ಚುವ ಮದ್ದಿಗೂ ತಿಂಗಳಿಗೆ ಒಂಬತ್ತು ರೂಪಾಯಿ ಕೇಳಿದ್ದಳು. ನಾನು ಓದಿ, "ದೇವರು ಹತ್ತು ಉಗುರು ಪುಕ್ಕಟೆ ಕೊಟ್ಟಿದ್ದಾನಲ್ಲ, ಮತ್ತೆ ನಾವೂ ಕೊಡಬೇಕಾ?" ಎಂದೆ. ಚೆನ್ನಾಗಿ ನಕ್ಕರು. ಅರ್ಜಿ ಬಿದ್ದುಹೋಯಿತು.

ಮರುದಿನ, ಝೇವಿಯರನನ್ನು ಇಲ್ಲಿ ನೋಡುವ ಡಾಕ್ಟರ್ ಸರ್ವೋತ್ತಮರು ದಾರಿಯಲ್ಲಿ ಹಿಡಿದು ನಿಲ್ಲಿಸಿದರು. "ಎಂತ ಬೊನಿಫಾಸ್, ಆರುನೂರು ಕೊಟ್ಟು ಉಳಿಸಿದ ಜನವನ್ನು ಒಂಬತ್ತಕ್ಕೆ ಕೈ ಬಿಟ್ಟಿರಂತೆ?"

"ತುರಿಕೆಯಿಂದ ಯಾರೂ ಸಾಯುವುದಿಲ್ಲವಲ್ಲ ಡಾಕ್ಟ್ರೇ."

"ಸಾಯುವುದಿಲ್ಲ ಮಾರಾಯ. ಅದೇ ಕಷ್ಟ. ನಿದ್ದೆ ಇಲ್ಲದೆ ಬದುಕಬೇಕು."

ಮನೆಗೆ ಬಂದು, ಹಣಕಾಸಿನ ಮಂತ್ರಿಯ ಗಾಂಭೀರ್ಯದಿಂದ ಲೆಕ್ಕಕ್ಕೆ ಕೂತೆ. ಝೇವಿಯರ್ ಹೊಲಿಯಲಾಗದ ಎರಡು ಕೋಟುಗಳ ಕೂಲಿ ಐವತ್ತು. ರಾತ್ರಿಯಿಡೀ ಅವನ ಬೆನ್ನು ಉಜ್ಜಿ, ಬೆಳಿಗ್ಗೆ ಶಾಲೆಗೆ ಹೋಗಲಾಗದ ಮಗ್ದಲೀನಳ ಸಂಬಳದಲ್ಲಿ ಕಡಿತ ಇಪ್ಪತ್ತು. ನಮ್ಮ ಒಂಬತ್ತು ಉಳಿಸಲು ಆ ಮನೆ ತಿಂಗಳಿಗೆ ಎಪ್ಪತ್ತು ಕಳೆದುಕೊಳ್ಳುತ್ತಿತ್ತು. ಇಂಥ ಉಳಿತಾಯ ಸರ್ಕಾರಕ್ಕೂ ಹೊಳೆದಿರಲಿಕ್ಕಿಲ್ಲ.

ಮುಂದಿನ ಭಾನುವಾರ ಇದನ್ನೇ ಓದಿದೆ. ಖಜಾಂಚಿ ಅಲ್ಫೋನ್ಸ್, "ಇವತ್ತು ತಮಾಷೆ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಒಂದು ವರ್ಷದ ಮದ್ದಿಗೆ ಒಪ್ಪಿಗೆ ಸಿಕ್ಕಿತು.

ನಿನಗೂ ಮಕ್ಕಳಿಗೂ ಒಳ್ಳೆಯ ನಿದ್ದೆ ಬರಲಿ. ಈಚೆಗೆ ನನ್ನ ಬಾಯಲ್ಲಿ ಬೇರೆ ಆಶೀರ್ವಾದ ಬರುವುದಿಲ್ಲ.

ನಿನ್ನ
ಬೊನಿಫಾಸ್

ತಾ.ಕ.: ಮದ್ದಿನ ಮೊದಲ ಬಾಟಲಿಯನ್ನು ನಾನೇ ಕೊಂಡುಹೋದೆ. ಝೇವಿಯರ್ ಎರಡೂ ಕೈಗಳನ್ನು ತೊಡೆಯ ಅಡಿಗೆ ಒತ್ತಿಕೊಂಡು ಬೆಂಚಿನಲ್ಲಿ ಕೂತಿದ್ದ. ಅರ್ಧ ಗಂಟೆ ಮಾತಾಡಿದೆವು, ಅವನು ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. "ಈಗ ತುರಿಕೆ ಇಲ್ಲ ಬೊನಿಫಾಸ್, ಬೇರೆ ಯಾರಿಗಾದರೂ ಕೊಡು" ಎಂದ. ಬೆನ್ನಿನ ಕಡೆ ಅಂಗಿಯಲ್ಲಿ ರಕ್ತದ ಕಲೆಗಳಿದ್ದವು.

ಮಗ್ದಲೀನ್ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ನೀವು ಉಗುರಿನ ತಮಾಷೆ ಮಾಡಿದ ಆ ಭಾನುವಾರ ನಾನು ಹೊರಗೆ ಜಗಲಿಯಲ್ಲೇ ಇದ್ದೆ. ಮನೆಗೆ ಬಂದು ಇವರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಬಾಟಲಿ ನನ್ನ ಕೈಗೆ ಕೊಟ್ಟು ಬೇಗ ಹೋಗಿ ಬೊನಿಫಾಸ್ ಬಾಬ್. ನೀವು ಹೋಗದೆ ಇವರು ಕೈ ತೆಗೆಯುವುದಿಲ್ಲ."